ಹೆಂಚಿನ ಕಾರ್ಖಾನೆಯಲ್ಲಿ ಕಾರ್ಯಕ್ರಮ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ದಂಡೆಯ ಈ ಹಳೆ ಹೆಂಚಿನ ಕಾರ್ಖಾನೆಯನ್ನು ಈಗ ಮದುವೆ, ನಾಟಕ, ತಾಳಮದ್ದಲೆಗಳಿಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೊಡುತ್ತೇವೆ. ಫೋನು ಮಾಡುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟುಹೋಗುತ್ತದೆ. ಆಮೇಲೆ ಮದುವೆ ದಿನ ಬೆಳಿಗ್ಗೆ ‘ನೀವು ಹೇಳಲೇ ಇಲ್ಲವಲ್ಲ’ ಅಂತ ಮಾತು. ಅದಕ್ಕೇ ಬರೆದಿಟ್ಟಿದ್ದೇವೆ.

ಇಲ್ಲಿ ಮೊದಲು ಏನು ನಡೆಯುತ್ತಿತ್ತು?

ಮಂಗಳೂರು ಹೆಂಚು ಮಾಡುತ್ತಿದ್ದರು. ಹೆಸರು ಮಂಗಳೂರಿನದಾದರೂ ಮೂಲ ಮಾದರಿ ಯುರೋಪಿನದು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಚಪ್ಪಟೆ ಹೆಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅಲ್ಲಿಂದ ಈ ಕಸುಬು ಕರಾವಳಿಯುದ್ದಕ್ಕೂ ಹಬ್ಬಿತು. ಬೇಕಾದದ್ದು ನಾಲ್ಕು: ಜೇಡಿಮಣ್ಣು, ಹೊಳೆ, ಕಟ್ಟಿಗೆ, ದೋಣಿ. ನಮ್ಮಲ್ಲಿ ನಾಲ್ಕೂ ಇದ್ದವು.

ಮಣ್ಣು ದೋಣಿಯಲ್ಲಿ ಬಂದು ಧಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಇಳಿಯುತ್ತಿತ್ತು. ಅದನ್ನು ಹದ ಮಾಡಿ, ಪಗ್ ಮಿಲ್ಲಿನಲ್ಲಿ ನಾದಿ, ಹಲಗೆಯಂತೆ ಕೊಯ್ದು, ಎಣ್ಣೆ ಸವರಿ ಪ್ರೆಸ್ಸಿನ ಅಚ್ಚಿಗೆ ಕೊಟ್ಟರೆ ಹಸಿ ಹೆಂಚು. ಅದರ ಅಂಚು ಸವರಿ, ಮರದ ಚೌಕಟ್ಟಿನ ಮೇಲಿಟ್ಟು, ದಿನಗಟ್ಟಲೆ ನೆರಳಲ್ಲಿ ಒಣಗಿಸುತ್ತಿದ್ದರು. ಬಿಸಿಲಿಗಿಟ್ಟರೆ ಡೊಂಕಾಗುತ್ತದೆ, ಬಿರಿಯುತ್ತದೆ. ಗಾಳಿ ಬೇಕು, ಬಿಸಿಲು ಬೇಡ. ಚೆನ್ನಾಗಿ ಒಣಗಿದ ಮೇಲಷ್ಟೇ ಭಟ್ಟಿಗೆ.

ಈ ಒಣಗಿಸುವ ಮಾತು ನೆನಪಿರಲಿ. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ.

ಬ್ರಿಟಿಷರ ಕಾಲದ ಹತ್ತಿ ಗೋದಾಮು ಅಂತ ಯಾರೋ ಹೇಳಿದರು?

ಅಲ್ಲ. ಆದರೆ ಹಾಗೆ ಹೇಳುವವರನ್ನು ಪೂರ್ತಿ ತಪ್ಪು ಅನ್ನುವಂತಿಲ್ಲ. ಕುಮಟಾಕ್ಕೆ ಹತ್ತಿಯ ಹೆಸರು ದೊಡ್ಡದಾಗಿಯೇ ಇತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದಾಯಿತು. ಆಗ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಹಡಗು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಅಂತಲೇ ಹೆಸರು. ಬೆಳೆದದ್ದು ಬಯಲುಸೀಮೆ, ಹೆಸರು ಬಂದದ್ದು ನಮಗೆ! 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರದ ಒತ್ತಡ ಇತ್ತು. 1880ರ ದಶಕದ ಕೊನೆಗೆ ರೈಲು ಗೋವಾದ ಮರ್ಮಗೋವಾ ಬಂದರು ಮುಟ್ಟಿತು. ಹತ್ತಿ ರೈಲು ಹತ್ತಿತು, ಇಲ್ಲಿನ ಬಂದರು ತಣ್ಣಗಾಯಿತು.

ನಮ್ಮ ಕಟ್ಟಡ ಅದಕ್ಕಿಂತ ಈಚೆಯದು. ನೋಡಿದರೇ ಗೊತ್ತಾಗುತ್ತದೆ. ಹತ್ತಿ ಇಡುವ ಜಾಗಕ್ಕೆ ತೇವ ನುಗ್ಗಬಾರದು, ಸುತ್ತ ಗಟ್ಟಿ ಗೋಡೆ ಬೇಕು. ಇಲ್ಲಿ ಚಿರೆಕಲ್ಲಿನ ಗೋಡೆ ಎದೆಮಟ್ಟಕ್ಕೆ ನಿಂತಿದೆ. ಅದರ ಮೇಲೆ ಬರೀ ಕಂಬ, ಗಾಳಿ.

ಕಾರ್ಖಾನೆ ಯಾಕೆ ನಿಂತಿತು?

ಎಲ್ಲ ಹೆಂಚಿನ ಕಾರ್ಖಾನೆ ನಿಂತ ಕಾರಣಕ್ಕೇ. ಜನ ತಾರಸಿ ಮನೆ ಕಟ್ಟಿಸಿದರು, ಕೊಟ್ಟಿಗೆಗೆ ಶೀಟು ಹಾಕಿಸಿದರು. ಮಣ್ಣು ಸಿಗುವುದು ಕಷ್ಟವಾಯಿತು, ಕಟ್ಟಿಗೆ ದುಬಾರಿಯಾಯಿತು.

ಎಷ್ಟು ಜನ ಹಿಡಿಸುತ್ತಾರೆ?

ಕುರ್ಚಿ ಹಾಕಿದರೆ 400. ಎಲೆ ಹಾಕಿದರೆ ಒಂದು ಪಂಕ್ತಿಗೆ 150. ಸಾವಿರ ಪತ್ರಿಕೆ ಹಂಚಿದವರು ದಯವಿಟ್ಟು ಪೇಟೆಯ ಕಲ್ಯಾಣ ಮಂಟಪ ನೋಡಿಕೊಳ್ಳಿ. ‘ಎಲ್ಲರೂ ಒಟ್ಟಿಗೆ ಬರುವುದಿಲ್ಲ ಬಿಡಿ’ ಅನ್ನುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೇ ಬರುತ್ತಾರೆ, ನಾವು ನೋಡಿದ್ದೇವೆ.

ಎಸಿ ಇದೆಯಾ?

ಇಲ್ಲ, ಹಾಕಿಸುವ ಹಾಗೂ ಇಲ್ಲ. ಅರ್ಧ ಗೋಡೆಯ ಕಟ್ಟಡಕ್ಕೆ ಎಸಿ ಹಾಕುವುದೆಂದರೆ ಹೊಳೆಗೆ ಉಪ್ಪು ಹಾಕಿದ ಹಾಗೆ.

ಆದರೆ ಒಮ್ಮೆ ಮಧ್ಯಾಹ್ನ ಬಂದು ಒಳಗೆ ನಿಂತು ನೋಡಿ. ಈ ಶೆಡ್ಡನ್ನು ಕಟ್ಟಿದ್ದೇ ಸಾವಿರಾರು ಹಸಿ ಹೆಂಚುಗಳ ನೀರು ಆರಿಸಲಿಕ್ಕೆ. ಹೊಳೆ ಕಡೆಯಿಂದ ಬಂದ ಗಾಳಿ ಅಡ್ಡ ಹಾಯ್ದು ಹೋಗುತ್ತದೆ. ಬಿಸಿ ಗಾಳಿ ಮೇಲೇರಿ ಹೆಂಚಿನ ಸಂದಿಗಳಿಂದ ಹೊರಗೆ ಹೋಗುತ್ತದೆ. ಮಾಡಿನ ಸೂರು ತೀರಾ ಕೆಳಗೆ ಇಳಿದಿರುವುದರಿಂದ ಬಿಸಿಲು ಒಳಗೆ ಕಾಲಿಡುವುದಿಲ್ಲ. ಉದ್ದ ಇರುವವರು ಅಂಚಿನಲ್ಲಿ ತಲೆ ಬಗ್ಗಿಸಿಯೇ ಬರಬೇಕು. ವರನ ಕಡೆಯವರಿಗೆ ಮೊದಲೇ ಹೇಳಿಡಿ, ಬಾಸಿಂಗ ತಗಲುತ್ತದೆ.

ಸುಳ್ಳು ಹೇಳುವುದಿಲ್ಲ, ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ಇದ್ದೇ ಇದೆ. ಕರಾವಳಿಯ ಸೆಕೆಗೆ ಗಾಳಿಯಷ್ಟೇ ಸಾಲದು. ನಿಲ್ಲಿಸುವ ಫ್ಯಾನು ಕೊಡುತ್ತೇವೆ. ರೇಷ್ಮೆ ಸೀರೆ ಉಟ್ಟವರ ಶಾಪ ತಪ್ಪಬೇಕಾದರೆ ನವೆಂಬರಿನಿಂದ ಫೆಬ್ರವರಿಯೊಳಗಿನ ಮುಹೂರ್ತ ನೋಡಿಸಿ. ಧನುರ್ಮಾಸದಲ್ಲಿ ಮದುವೆ ಇಲ್ಲವಲ್ಲ, ಆ ತಿಂಗಳು ನಾಟಕದವರಿಗೆ ಸುಲಭವಾಗಿ ಜಾಗ ಸಿಗುತ್ತದೆ.

ಮಳೆಗಾಲದಲ್ಲಿ ಕೊಡುತ್ತೀರಾ? ಸೋರುವುದಿಲ್ಲವಾ?

ಮದುವೆಗೆ ಕೊಡುವುದಿಲ್ಲ. ತಾಳಮದ್ದಲೆಗೆ, ಸಣ್ಣ ಗೋಷ್ಠಿಗೆ ಕೊಡುತ್ತೇವೆ.

ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸುತ್ತೇವೆ: ಒಡೆದದ್ದು ತೆಗೆದು, ಜಾರಿದ್ದನ್ನು ಕೂರಿಸಿ, ಸಂದಿಯಲ್ಲಿ ಕೂತ ಎಲೆ, ಮಣ್ಣು ಗುಡಿಸುವ ಕೆಲಸ. ಎಲೆ ಕೂತರೆ ನೀರು ಹಿಂದಕ್ಕೆ ಹಾಯುತ್ತದೆ, ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಕುಂಬಾಗುತ್ತದೆ. ಇಷ್ಟು ಮಾಡಿದರೆ ಮೇಲಿನಿಂದ ಸೋರುವುದಿಲ್ಲ. ತೊಂದರೆ ಪಕ್ಕದಿಂದ. ಗಾಳಿ ಎದ್ದರೆ ಎರಚಲು ಐದಾರು ಅಡಿ ಒಳಗೆ ಬರುತ್ತದೆ. ತೆಂಗಿನ ಗರಿ ಹೆಣೆದ ಮಡಲು ತಟ್ಟಿ ಕಟ್ಟುತ್ತೇವೆ. ಆದರೂ ಅಂಚಿನ ಕುರ್ಚಿಗಳು ಒದ್ದೆ.

ತಾಳಮದ್ದಲೆಗೆ ಮಾತ್ರ ಇದಕ್ಕಿಂತ ಒಳ್ಳೆ ಜಾಗ ನಮಗೆ ಗೊತ್ತಿಲ್ಲ. ಶೀಟಿನ ಮೇಲೆ ಮಳೆ ಬಿದ್ದರೆ ಅರ್ಥಧಾರಿಯ ಬಾಯಿ ಆಡುವುದಷ್ಟೇ ಕಾಣುತ್ತದೆ, ಮಾತು ಕೇಳುವುದಿಲ್ಲ. ಮಣ್ಣಿನ ಹೆಂಚಿನ ಮೇಲೆ ಬಿದ್ದ ಮಳೆಯ ಸದ್ದೇ ಬೇರೆ, ಅದು ಭಾಗವತರ ಶ್ರುತಿಗೆ ಅಡ್ಡ ಬರುವುದಿಲ್ಲ. ಹೋದ ವರ್ಷ ಆಟಿಯ ಮಳೆಯಲ್ಲಿ ಕರ್ಣನೂ ಶಲ್ಯನೂ ಒಂದು ಗಂಟೆ ವಾದ ಮಾಡಿದರು. ಮೈಕು ಕೈಕೊಟ್ಟಿತ್ತು. ಹಿಂದಿನ ಸಾಲಿನವರು ಎದ್ದು ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಮುಂದೆ ಬಂದರು.

ಭಟ್ಟಿಯೊಳಗೆ ಮಂಟಪ ಹಾಕಬಹುದಾ? ಫೋಟೊ ಚೆನ್ನಾಗಿ ಬರುತ್ತದಲ್ಲ.

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಮ್ಮದು ಹಾಫ್‌ಮನ್ ಮಾದರಿಯ ಭಟ್ಟಿ, ಅಂದರೆ ಕಮಾನಿನ ಸುರಂಗ ಒಂದು ಸುತ್ತು ಬಂದ ಹಾಗೆ. ಹಿಂದೆ ಇದರೊಳಗೆ ಬೆಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಸುರಂಗದಲ್ಲಿ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತಿತ್ತು. ಬೆಂದ ಹೆಂಚಿನ ಬಿಸಿಯನ್ನು ಹೀರಿಕೊಂಡ ಗಾಳಿ ಬೆಂಕಿಗೆ ಹೋಗುತ್ತಿತ್ತು, ಬೆಂಕಿಯಿಂದ ಹೊರಟ ಹೊಗೆ ಮುಂದಿನ ಹಸಿ ಹೆಂಚುಗಳನ್ನು ಕಾಯಿಸಿ ಚಿಮಣಿ ಸೇರುತ್ತಿತ್ತು. ಒಂದು ಕಡೆ ತುಂಬುತ್ತಿರುವಾಗಲೇ ಇನ್ನೊಂದು ಕಡೆ ಖಾಲಿ ಮಾಡುತ್ತಿದ್ದರು. ಕಟ್ಟಿಗೆ ಹಾಕುತ್ತಿದ್ದದ್ದು ಮೇಲಿನಿಂದ, ಕಮಾನಿನ ನೆತ್ತಿಯ ತೂತುಗಳಲ್ಲಿ. ಆ ತೂತುಗಳಿಂದ ಈಗ ಬಿಸಿಲಿನ ಕೋಲು ಇಳಿಯುತ್ತದೆ. ನಿಮ್ಮ ಫೋಟೊದವರು ಕಣ್ಣು ಹಾಕಿರುವುದು ಅದರ ಮೇಲೆ.

ಫೋಟೊ ತೆಗೆಸಿ, ಬೇಡ ಅನ್ನುವುದಿಲ್ಲ. ಹೋಮ ಮಾತ್ರ ಒಳಗೆ ಇಲ್ಲ. ಚಿಮಣಿ ಇದ್ದೂ ಹೊಗೆ ಹೋಗಲ್ವಾ ಅಂತ ಕೇಳುತ್ತಾರೆ. ಚಿಮಣಿ ಎಳೆಯಬೇಕಾದರೆ ಭಟ್ಟಿಯ ಬಾಗಿಲುಗಳನ್ನೆಲ್ಲ ಮುಚ್ಚಿ, ಹೊಗೆಯ ದಾರಿ ಮಾತ್ರ ತೆರೆದಿಡಬೇಕು. ಈಗ ಬಾಗಿಲುಗಳೆಲ್ಲ ಬಟಾಬಯಲು, ಹೊಗೆಯ ದಾರಿಗೆ ನಾವೇ ಕಲ್ಲಿಟ್ಟು ಮುಚ್ಚಿದ್ದೇವೆ. ಶುರುವಿನಲ್ಲಿ ನಮಗೂ ಇದು ತಿಳಿದಿರಲಿಲ್ಲ. ಮೊದಲ ಉಪನಯನಕ್ಕೆ ಒಳಗೇ ಹೋಮಕುಂಡ ಇಟ್ಟಿದ್ದೆವು. ಅರ್ಧ ಗಂಟೆಯಲ್ಲಿ ಪುರೋಹಿತರು ಕಣ್ಣೊರೆಸುತ್ತಾ ಹೊರಗೆ ಬಂದು, ‘ವಟುವಿಗೆ ಬ್ರಹ್ಮೋಪದೇಶ ಮಾಡೋಣ ಅಂತ ಬಂದೆ, ಹೆಂಚಿನ ಹಾಗೆ ಸುಡಲಿಕ್ಕಲ್ಲ’ ಅಂದರು. ಈಗ ಹೋಮಕ್ಕೆ ಅಂಗಳದಲ್ಲಿ ಬೇರೆ ಜಾಗ ಇದೆ.

ಅಲಂಕಾರಕ್ಕೆ ನಮ್ಮವರನ್ನೇ ಕರೆತರಬಹುದಾ?

ಕರೆತನ್ನಿ. ಆದರೆ ಅವರು ಒಂದು ದಿನ ಮೊದಲು ಬಂದು ನಮ್ಮ ಜೊತೆ ಕಟ್ಟಡ ಸುತ್ತಬೇಕು.

ಪ್ರೆಸ್ಸಿನ ಪಕ್ಕದ ಕಂಬಕ್ಕೆ ಹಳೆ ಸುಣ್ಣದ ಗಾರೆ ಇದೆ. ಅದರ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳು: ನಾಲ್ಕು ನೆಟ್ಟಗೆ, ಒಂದು ಅಡ್ಡ, ಮತ್ತೆ ನಾಲ್ಕು, ಒಂದು ಅಡ್ಡ. ದಿನಕ್ಕೆ ಎಷ್ಟು ಹೆಂಚು ಒತ್ತಿದೆವು ಅನ್ನುವ ಲೆಕ್ಕ. ಒತ್ತಿದವರ ಕೈ ಎಣ್ಣೆ ಹತ್ತಿ ಕೆಲವು ಗೆರೆ ಮಸುಕಾಗಿವೆ. ಇಂಥ ಎರಡು ಕಂಬ ಇದ್ದವು. ಒಂದು ಮದುವೆಯಲ್ಲಿ ಅಲಂಕಾರದವರು ಎರಡನೆಯ ಕಂಬಕ್ಕೆ ಥರ್ಮಾಕೋಲ್ ಹೂವನ್ನು ಟೇಪಿನಲ್ಲಿ ಅಂಟಿಸಿದರು. ಸಂಜೆ ಟೇಪು ಕಿತ್ತಾಗ ಗಾರೆ ಅಂಗೈ ಅಗಲ ಎದ್ದು ಬಂತು, ಲೆಕ್ಕದ ಸಮೇತ. ‘ಸಿಮೆಂಟು ಮೆತ್ತಿಸಿ ಕೊಡ್ತೇವೆ’ ಅಂದರು. ಸಿಮೆಂಟು ಬೇಡವೇ ಬೇಡ. ಚಿರೆಕಲ್ಲು ನೀರು ಹೀರುತ್ತದೆ, ಆ ನೀರು ಸುಣ್ಣದ ಗಾರೆಯ ಮೂಲಕ ಹೊರಗೆ ಆರುತ್ತದೆ. ಸಿಮೆಂಟು ಹಾಕಿದರೆ ಒಳಗೇ ನಿಂತು ಕಲ್ಲನ್ನು ತಿನ್ನುತ್ತದೆ.

ಹಾಗಾಗಿ ಮೊಳೆ, ಟೇಪು, ಅಂಟು ಯಾವುದೂ ಇಲ್ಲ. ಕಂಬಗಳಿಗೆ ಹಗ್ಗ ಸುತ್ತಿ ಕಟ್ಟಬಹುದು. ಮಾಡಿನಿಂದ ಭಾರ ತೂಗಬೇಡಿ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಕೂತಿವೆ, ಪಕಾಸುಗಳು (ಮಾಡಿನ ಓರೆ ಮರಗಳು) ಆ ಭಾರ ಹೊರುವುದಕ್ಕೇ ಇರುವುದು, ನಿಮ್ಮ ಗಾಜಿನ ತೂಗುದೀಪಕ್ಕಲ್ಲ. ಫ್ಲೆಕ್ಸ್, ಪ್ಲಾಸ್ಟಿಕ್ ಲೋಟ, ತಟ್ಟೆ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಥರ್ಮಾಕೋಲನ್ನು ನಾವೇ ಗೇಟಿನಲ್ಲಿ ತಡೆಯುತ್ತೇವೆ. ಅಬ್ಬಲಿಗೆ, ಮಾವಿನ ತೋರಣ, ಅಡಿಕೆ ಸಿಂಗಾರ ಇಲ್ಲೇ ಬೇಕಾದಷ್ಟು ಸಿಗುತ್ತದೆ.

ಪಟಾಕಿ, ಕೋಲ್ಡ್ ಪೈರೋ (ವೇದಿಕೆಯಲ್ಲಿ ಚಿಮ್ಮಿಸುವ ಕಿಡಿ)?

ಇಲ್ಲ. ಒಣಗಿಸುವ ಮರದ ಚೌಕಟ್ಟುಗಳು ವರ್ಷಾನುಗಟ್ಟಲೆ ಎಣ್ಣೆ ಕುಡಿದಿವೆ.

ಊಟದ ವ್ಯವಸ್ಥೆ ಹೇಗೆ?

ಅಡುಗೆಯವರನ್ನು ನೀವೇ ಕರೆತರಬೇಕು. ಅಡುಗೆ ಮನೆ ಹಿಂದಿನ ಅಂಗಳದಲ್ಲಿ, ಮೂಲ ಕಟ್ಟಡದಿಂದ ದೂರ ಇದೆ. ದೊಡ್ಡ ಒಲೆ ಆರು, ಬಾವಿ ನೀರು, ಪಾತ್ರೆ ತೊಳೆಯುವ ಕಟ್ಟೆ ಇದೆ. ಘಟ್ಟದ ಮೇಲಿನವರು ಅಪ್ಪೆಹುಳಿ, ತಂಬುಳಿ ಮಾಡಿಸುತ್ತಾರೆ, ಕೆಳಗಿನವರಲ್ಲಿ ಮಾರನೇ ದಿನದ ಮೀನೂಟವೇ ಮುಖ್ಯ. ಎರಡಕ್ಕೂ ನಮ್ಮ ಅಡ್ಡಿ ಇಲ್ಲ. ಎರಡೂ ಒಂದೇ ದಿನ ಬೇಕಾದರೆ ಮೊದಲೇ ಹೇಳಿ, ಒಲೆ ಬೇರೆ ಬೇರೆ ಮಾಡಿಕೊಡುತ್ತೇವೆ. ಹೇಳದೆ ಬಂದು ಅಲ್ಲೇ ಜಗಳ ಆದದ್ದೂ ಉಂಟು.

ಅಂಕೋಲೆಯ ಕರಿಈಶಾಡ ಮಾವಿನ ಕಾಲದಲ್ಲಿ ಮದುವೆ ಇಟ್ಟುಕೊಂಡರೆ ಸೀಕರಣೆ ಮಾಡಿಸದೆ ಹೋಗಬೇಡಿ. ಇದು ನಿಯಮ ಅಲ್ಲ, ಆಸೆ.

ಎಂಜಲು, ಎಲೆ, ತೊಳೆದ ನೀರು ಯಾವುದೂ ಹೊಳೆಗೆ ಹೋಗಬಾರದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಪಟ್ಟಿಯ ಮಾತು ಬಿಡಿ, ಕೆಳಗಡೆ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ನಿಮ್ಮ ಸಾರಿನ ನೀರು ಹೋಗಿ ಸೇರುವುದು ಅಲ್ಲಿಗೇ.

ದಿಬ್ಬಣ ದೋಣಿಯಲ್ಲಿ ಬರಬಹುದಾ?

ಬರಬಹುದು, ಭರತ (ನೀರಿನ ಉಬ್ಬರ) ನೋಡಿಕೊಂಡು! ಹಿಂದೆ ಮಣ್ಣು ಇಳಿಸುತ್ತಿದ್ದ ಧಕ್ಕೆ ಇನ್ನೂ ಗಟ್ಟಿ ಇದೆ. ಆದರೆ ಹೊಳೆ ಇಲ್ಲಿ ಸಮುದ್ರದ ಜೊತೆ ಏರುತ್ತದೆ, ಇಳಿಯುತ್ತದೆ. ಹೆಚ್ಚುಕಡಿಮೆ ಆರು ಗಂಟೆಗೊಮ್ಮೆ ಭರತ, ಇಳಿತ. ದಿನ ದಿನಕ್ಕೂ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಬಂದರೆ ಧಕ್ಕೆಯ ಮೆಟ್ಟಿಲಿನಿಂದ ದೋಣಿಯ ನಡುವೆ ಮೊಣಕಾಲು ಮಟ್ಟದ ಕೆಸರು. ಮದುಮಗನನ್ನು ಹೊತ್ತು ತರಲು ಭಾವಂದಿರು ತಯಾರಿದ್ದರೆ ನಮ್ಮದೇನೂ ತಕರಾರಿಲ್ಲ. ಮುಹೂರ್ತ ಹೇಳಿ, ಆ ದಿನದ ಭರತದ ಹೊತ್ತು ನಾವು ಹೇಳುತ್ತೇವೆ. ಎಲ್ಲರಿಗೂ ಲೈಫ್ ಜಾಕೆಟ್ ಕಡ್ಡಾಯ, ಜರಿ ಪೇಟದ ಮೇಲೂ. ಮಳೆಗಾಲದಲ್ಲಿ ದೋಣಿ ಇಲ್ಲ.

ರಾತ್ರಿಯಿಡೀ ಯಕ್ಷಗಾನ ಆಡಿಸಬಹುದಾ? ಡಿಜೆ?

ಇದನ್ನು ಬೇಜಾರಿನಿಂದಲೇ ಬರೆಯುತ್ತಿದ್ದೇವೆ. ಯಕ್ಷಗಾನದ ಅಂಗಳದಲ್ಲೇ ಇರುವವರು ನಾವು. ಪಕ್ಕದ ಹೊನ್ನಾವರ ತಾಲೂಕಿನ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ. ಬೆಳಗಿನ ಜಾವದ ಚಂಡೆ ಕೇಳಿ ಬೆಳೆದವರಿಗೆ ಹತ್ತು ಗಂಟೆಗೆ ಮಂಗಳ ಹಾಡಿ ಅನ್ನುವುದು ಕಷ್ಟ.

ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಚಂಡೆಯಂಥ ವಾದ್ಯಕ್ಕೂ ಇದು ಅನ್ವಯ. ಮುಚ್ಚಿದ ಸಭಾಭವನಕ್ಕೆ ವಿನಾಯಿತಿ ಇದೆ. ನಮ್ಮದು ಅರ್ಧ ಗೋಡೆಯ ಕಟ್ಟಡ, ಮುಚ್ಚಿದ್ದು ಅಂತ ಯಾವ ಬಾಯಲ್ಲಿ ಹೇಳುವುದು? ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆ ದಿನ ಸಿಕ್ಕರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಸಂಜೆ ಐದಕ್ಕೆ ಚೌಕಿ (ವೇಷ ಕಟ್ಟುವ ಜಾಗ) ಪೂಜೆ ಮಾಡಿ ಕಾಲಮಿತಿಯ ಪ್ರಸಂಗ ಆಡಿಸಿ.

ಡಿಜೆ ಹಗಲೂ ಬೇಡ. ಅದರ ಬಾಸ್ ಸದ್ದಿಗೆ ಹೆಂಚು ಕಂಪಿಸಿ ಜಾರುತ್ತದೆ. ಜಾರಿದ್ದು ಯಾರ ತಲೆ ಮೇಲೆ ಬೀಳುತ್ತದೆ ಅಂತ ಹೇಳಲಾಗುವುದಿಲ್ಲ.

ಉಳಿದುಕೊಳ್ಳಲು ರೂಮು? ಶೌಚಾಲಯ? ಜನರೇಟರ್?

ಉಳಿಯಲು ರೂಮು ಇಲ್ಲ, ಬಟ್ಟೆ ಬದಲಿಸಲು ಎರಡು ಕೋಣೆ ಮಾತ್ರ. ಭರತದ ನೀರು ಬರುವ ಹೊಳೆ ದಂಡೆಗೂ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಹೊಸದಾಗಿ ಕಟ್ಟುವ ಯೋಚನೆ ನಮಗಿಲ್ಲ. ಶೌಚಾಲಯ ಹನ್ನೆರಡು. ಜನರೇಟರ್ ಇದೆ, ಡೀಸೆಲ್ ನಿಮ್ಮದು.

ಹಾವು ಇದೆಯಾ?

ಇದೆ. ಕೇರೆ ಹಾವು, ಇಲಿ ಹಿಡಿಯಲು ಬರುತ್ತದೆ. ಕಾರ್ಯಕ್ರಮದ ಹಿಂದಿನ ದಿನ ಭಟ್ಟಿಯ ಮೂಲೆ ಮೂಲೆ ಬಡಿದು ನೋಡುತ್ತೇವೆ. ಬಾವಲಿಗಳು ಚಿಮಣಿಯಲ್ಲೇ ಇರುತ್ತವೆ, ಮುಸ್ಸಂಜೆ ಹೊರಟರೆ ಹೆದರಬೇಡಿ.

ಬರುವುದು ಹೇಗೆ?

ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬನ್ನಿ. ಕಾರವಾರ, ಹೊನ್ನಾವರ ಕಡೆಯವರಿಗೆ ರಾಷ್ಟ್ರೀಯ ಹೆದ್ದಾರಿ 66. ಸಿರಸಿಯವರು ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರ್. ಮಳೆಗಾಲದಲ್ಲಿ ಘಟ್ಟ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಕೊನೆಯ ಓಣಿಯಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ. ಬಸ್ಸು ಶಾಲೆ ಹತ್ತಿರ ನಿಲ್ಲಿಸಿ ನಡೆದು ಬರಬೇಕು, ಐದು ನಿಮಿಷ.

ಬಾಡಿಗೆ ಎಷ್ಟು?

ಋತು, ದಿನ, ಜನ ನೋಡಿ ಹೇಳುತ್ತೇವೆ. ಊರಿನ ಶಾಲೆಯ ವಾರ್ಷಿಕೋತ್ಸವಕ್ಕೂ, ಇಲ್ಲಿ ಕೆಲಸ ಮಾಡಿದವರ ಮನೆಯ ಮದುವೆಗೂ ಬಾಡಿಗೆ ಇಲ್ಲ, ಕರೆಂಟಿನ ಖರ್ಚು ಮಾತ್ರ.

ಹಳೆ ಹೆಂಚು ಮಾರುತ್ತೀರಾ? ಮನೆಗೆ, ಕೆಫೆಗೆ ಬೇಕಿತ್ತು.

ಇಲ್ಲ. ಜಿಪುಣತನ ಅಲ್ಲ. ಮಂಗಳೂರು ಹೆಂಚು ಎಲ್ಲ ಒಂದೇ ಅಂತ ಕಾಣುತ್ತದೆ, ಆದರೆ ಒಂದೊಂದು ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ಬೇರೆ. ಬೇರೆ ಕಡೆಯ ಹೆಂಚು ತಂದು ನಡುವೆ ಹಾಕಿದರೆ ಅಂಚಿನ ಗಾಡಿ (ತೋಡು) ಸರಿಯಾಗಿ ಕಚ್ಚುವುದಿಲ್ಲ, ಅಲ್ಲೇ ಸೋರುತ್ತದೆ. ನಮ್ಮ ಅಚ್ಚು ತುಕ್ಕು ಹಿಡಿದು ಕೂತಿದೆ. ಆದ್ದರಿಂದ ಈ ಮಾಡಿನಲ್ಲಿ ಒಂದು ಒಡೆದರೆ ಹಾಕಲು ಇರುವುದು ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟ ರಾಶಿ ಮಾತ್ರ. ಪ್ರತಿ ಮೇ ತಿಂಗಳು ಆ ರಾಶಿ ಸ್ವಲ್ಪ ಸ್ವಲ್ಪ ಸಣ್ಣದಾಗುತ್ತದೆ.

ಆ ರಾಶಿಯನ್ನು ಆರಿಸಿಕೊಟ್ಟವರು, ಹಿಂದೆ ಇಲ್ಲೇ ಹೆಂಚು ಹೊತ್ತ ಒಬ್ಬ ಅಜ್ಜಿ. ಮೊಮ್ಮಗಳ ಮದುವೆಗೆ ಬಂದವರು ಊಟ ಮುಗಿಸಿ ಹಿಂದಿನ ಕೋಣೆಗೆ ಹೋಗಿ ಕೂತುಬಿಟ್ಟಿದ್ದರು. ಒಂದೊಂದೇ ಹೆಂಚು ಎತ್ತಿ ಬೆರಳ ಗೆಣ್ಣಿನಿಂದ ಬಡಿಯುವುದು, ಕಿವಿಗಿಡುವುದು. ಠಣ್ ಅಂದರೆ ಎಡಕ್ಕೆ, ಡಬ್ ಅಂದರೆ ಬಲಕ್ಕೆ. ಕಣ್ಣಿಗೆ ಎರಡೂ ಒಂದೇ. ನಾವು ಎಡದ ರಾಶಿಗೆ ಒಂದು ಹೆಂಚು ಸೇರಿಸಲು ಹೋದಾಗ ಕೈ ಹಿಡಿದು ತಡೆದರು. ‘ತಮಾ, ಅದು ಬಿರಿದದೆ. ಮಾಡಿಗೆ ಹಾಕ್ಬೇಡ.’